ಒಂಬತ್ತು ಜೊತೆ ಕೈ

ಪೆರಂಬೂರು, ಮದರಾಸು
೧೨ ಜೂನ್ ೧೯೫೮

ಬೊಂಬಾಯಿ ಪಟ್ಟಣದ ಮಾಟುಂಗದಲ್ಲಿ ಬಿಜಯಂಗೈದಿರುವ ಶ್ರೀಮಾನ್ ಕಿಟ್ಟಣ್ಣನವರ ಸನ್ನಿಧಾನಕ್ಕೆ, ಪೆರಂಬೂರು ಕೈಸನ್ನೆ ಮಹಾಸಂಸ್ಥಾನದ ಉಳಿದಿರುವ ಅರ್ಧ ಪೀಠಾಧಿಪತಿ ರಘುರಾಮನು ಸಾಷ್ಟಾಂಗ ಬಿದ್ದು, ಎದ್ದು, ಬಟ್ಟೆಯ ಧೂಳು ಕೊಡವಿಕೊಂಡು ಮಾಡುವ ವಿಜ್ಞಾಪನೆ.

ನೀನು ಈ ಹೋಟೆಲು ಬಿಟ್ಟು ಮೂರು ತಿಂಗಳಾಯಿತು. ನೀನು ಕಾಗದ ಹಾಕಲಿಲ್ಲ, ನಾನೂ ಹಾಕಲಿಲ್ಲ. ಯಾಕೆ ಎಂಬುದು ಇಬ್ಬರಿಗೂ ಗೊತ್ತಿರುವುದರಿಂದ ಅದಕ್ಕೆ ಶಾಯಿ ಖರ್ಚು ಮಾಡುವುದಿಲ್ಲ. ಈಗ ಬರೆಯುವುದು ಸುಬ್ರಾಯಣ್ಣನ ವಿಷಯ.

ಅವರ ಕಿವಿ ಹೋಗುತ್ತಾ ಉಂಟು ಮಾರಾಯ. ನೀನಿದ್ದಾಗಲೇ ಶುರುವಾಗಿತ್ತೋ ಏನೋ, ಕರೆದರೆ ತಿರುಗದಿರುವುದನ್ನು ನಾವು ದೋಸೆ ಭಟ್ಟರ ಗತ್ತು ಅಂದುಕೊಂಡಿದ್ದೆವು. ಈಗ ಕಿಟಕಿಯಲ್ಲಿ ನಿಂತು 'ಎರಡು ರವಾ' ಅಂತ ಕೂಗಿದರೆ ಎರಡು ಸಾದಾ ಬರುತ್ತದೆ. 'ಒಂದು ಸಾದಾ' ಅಂದರೆ ರವಾ. ಕೂತು ಯೋಚಿಸಿದೆ. ರವಾ, ಸಾದಾ ಎರಡರಲ್ಲೂ ಅವರಿಗೆ 'ಆ' ಅನ್ನುವ ಬಾಲ ಒಂದು ಕೇಳಿಸುತ್ತದೆ, ಉಳಿದದ್ದು ಒಲೆಯ ಸದ್ದಿನಲ್ಲಿ ಸುಟ್ಟುಹೋಗುತ್ತದೆ. ಮಸಾಲೆ ಮಾತ್ರ ತಪ್ಪುವುದಿಲ್ಲ, ಅದರ ಬಾಲ ಬೇರೆ.

ಮೊನ್ನೆ ಕೋಚ್ ಫ್ಯಾಕ್ಟರಿಯ ಮಧ್ಯಾಹ್ನದ ಸೈರನ್ನಿನ ಸಂಗು ಊದಿ, ಜನ ಬೆಂಚಿಗೆ ಬಿದ್ದ ಹೊತ್ತಿಗೆ ಒಂದೇ ಸಲಕ್ಕೆ ಆರು ದೋಸೆ ತಪ್ಪಿತು. ರಾಯರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. ಕೂಗಲಿಲ್ಲ. ಅವರು ಕೂಗದಿದ್ದರೆ ನನಗೆ ಹೆದರಿಕೆ. "ದೀಪಾವಳಿವರೆಗೆ ನೋಡ್ತೇನೆ ಸುಬ್ರಾಯ. ಮತ್ತೆ ಊರಿಗೆ ಹೋಗಿ ವಿಶ್ರಾಂತಿ ತಗೊಳ್ಳಿ" ಅಂದರು. ಸುಬ್ರಾಯಣ್ಣ "ಆಯ್ತು ರಾಯರೇ, ಈಗ ಹಾಕಿದೆ" ಅಂತ ಒಂದು ಮಸಾಲೆ ಎರೆದರು.

ನಾನು ಅಲ್ಲೇ ಇದ್ದೆ. ನನಗೆ ನಗು ಬರಲಿಲ್ಲ ಅಂದರೆ ನೀನು ನಂಬುವುದಿಲ್ಲ.

ಇಪ್ಪತ್ತೆರಡು ವರ್ಷ ಆ ಕಾವಲಿಯ ಮುಂದೆ ನಿಂತವರು. ಊರಲ್ಲಿ ಅವರಿಗೆ ತಂಗಿ ಜಲಜಕ್ಕನ ಮನೆಯ ಜಗಲಿ ಬಿಟ್ಟರೆ ಬೇರೆ ಸ್ಥಾನ ಇಲ್ಲ. ಜಗಲಿಯಲ್ಲಿ ಕೂತು ಎಂತ ಮಾಡುವುದು?

ಆದ್ದರಿಂದ ನಮ್ಮ ಹಳೆಯ ಕೈಸನ್ನೆಯ ಚೇಷ್ಟೆಯನ್ನು ಪುನಃಪ್ರತಿಷ್ಠೆ ಮಾಡಬೇಕೆಂದಿದ್ದೇನೆ. ಮಸಾಲೆಗೆ ಅಂಗೈಯಲ್ಲಿ ಮುಷ್ಟಿ ಮುಚ್ಚುವುದು, ಸಾದಾಕ್ಕೆ ಕೈ ಚಪ್ಪಟೆ, ಊತಪ್ಪಕ್ಕೆ ಕೆನ್ನೆ ಉಬ್ಬಿಸುವುದು, ತುಪ್ಪದ ರೋಸ್ಟಿಗೆ ಜಮೀನ್ದಾರರ ಹಾಗೆ ಇಲ್ಲದ ಮೀಸೆ ತಿರುವುವುದು. ರವಾಕ್ಕೆ ಎಂತ ಇತ್ತು? ಮರೆತಿದ್ದೇನೆ. ಬೇಗ ಬರೆ.

ಇಂತು ಅರ್ಧ ಪೀಠಾಧಿಪತಿ,
ರಘುರಾಮ

*

ಮಾಟುಂಗ
೨ ಜುಲೈ ೧೯೫೮

ರಘುರಾಮನಿಗೆ,

ರವಾಕ್ಕೆ ಐದು ಬೆರಳಿಂದ ಉದುರಿಸುವುದು. ಅದು ನಾನು ಮಾಡಿದ್ದು. ರಾಯರಿಗೆ ಹೊಟ್ಟೆ ಸವರುವುದು ನೀನು ಮಾಡಿದ್ದು. ಅದೊಂದನ್ನು ಯಾರಿಗೂ ಕಲಿಸಬೇಡ.

ಸುಬ್ರಾಯಣ್ಣನ ಎಡಗಿವಿ ನಾನಿದ್ದಾಗಲೇ ಹೋಗಿತ್ತು. ನಾನು ಯಾವಾಗಲೂ ಬಲಕ್ಕೆ ನಿಂತು ಹೇಳುತ್ತಿದ್ದೆ. ನೀನು ನೋಡಿರಲಿಕ್ಕಿಲ್ಲ.

ಕಿಟ್ಟಣ್ಣ

*

ಪೆರಂಬೂರು
೨೧ ಆಗಸ್ಟ್ ೧೯೫೮

ಬಲಗಿವಿಯ ರಹಸ್ಯವನ್ನು ತಡವಾಗಿಯಾದರೂ ದಯಪಾಲಿಸಿದ ಕಿಟ್ಟಣ್ಣನಿಗೆ ಕೋಟಿ ನಮಸ್ಕಾರ.

ನಿಜ, ನಾನು ನೋಡಿರಲಿಲ್ಲ.

ಮೊದಲನೇ ದಿನ ಕಿಟಕಿಯಲ್ಲಿ ನಿಂತು ಕೆನ್ನೆ ಉಬ್ಬಿಸಿ ಎರಡು ಬೆರಳು ತೋರಿಸಿದೆ. ಸುಬ್ರಾಯಣ್ಣ ಸಟ್ಟುಗ ಕೆಳಗಿಟ್ಟರು. "ಎಂತದಾ ಮಾಣಿ ಇದು? ಬಯಲಾಟದ ವೇಷವಾ? ನನ್ನ ಕಿವಿ ಹೋದದ್ದು, ಮಾನ ಹೋದದ್ದಲ್ಲ" ಅಂದರು. ಎರಡು ದಿನ ನನ್ನ ಮುಖ ನೋಡಲಿಲ್ಲ. ತಪ್ಪು ಅವರದಲ್ಲ. ಒಬ್ಬ ಮಾತ್ರ ಕೈಯಾಡಿಸಿದರೆ ಅದು ಅಣಕವೇ.

ಹಾಗಾಗಿ ಶಿಷ್ಯರನ್ನು ಹುಡುಕಿದೆ. ಮೊದಲನೆಯವ ಹಿಟ್ಟು ಕಡೆಯುವ ಕಲ್ಲಿನ ಐತ. ಅವನಿಗೆ ಕಲ್ಲಿನ ಗರಗರದಲ್ಲಿ ಹೇಗೂ ಯಾರ ಮಾತೂ ಕೇಳಿಸುವುದಿಲ್ಲ, ಒಪ್ಪಿದ. ಎರಡನೆಯವ ತಿರುಮಲ. ನೀನು ಹೋದ ಮೇಲೆ ಬಿಲ್ಲು ಬರೆಯಲು ಬಂದವನು, ಕ್ರೋಂಪೇಟೆಯಿಂದ ದಿನಾ ರೈಲು ಹಿಡಿದು ಬರುತ್ತಾನೆ. ಅವರ ಮನೆಯವರು ಮದರಾಸಿಗೆ ಬಂದು ನಾಲ್ಕು ತಲೆಮಾರು. ಅವನ ಕನ್ನಡ ನಮಗೆ ತಮಿಳು, ನಮ್ಮ ಕನ್ನಡ ಅವನಿಗೆ ತುಳು. "ರಘು, ಇದು ಎನ್ನಾ ಸಮಾಚಾರ ಪಾ, ನಂಗೂ ಸೊಲ್ಲು" ಅಂತ ಕಲಿಯಲು ತಾನೇ ಬಂದ.

ಮೂವರು ಕೈಯಾಡಿಸಿದ ಮೇಲೆ ಸುಬ್ರಾಯಣ್ಣ ಓರೆಗಣ್ಣಿನಿಂದ ನೋಡತೊಡಗಿದರು. ವಾರ ಕಳೆದು ರವಾಕ್ಕೆ ರವಾ ಬಂತು. ನಾನು ಅಡುಗೆಮನೆಯಲ್ಲೇ ಪಟ್ಟಾಭಿಷೇಕ ಮಾಡಿಕೊಳ್ಳುವುದರಲ್ಲಿದ್ದೆ.

ಅಷ್ಟರಲ್ಲಿ ನನಗೆ ಜ್ವರ ಬಂತು. ಎರಡೇ ದಿನ. ಎದ್ದು ಬಂದು ನೋಡಿದರೆ ಸಂಸ್ಥಾನ ಬರಿದು! ಐತ ಕೈ ಕಟ್ಟಿ ನಿಂತಿದ್ದಾನೆ, ತಿರುಮಲ ಬಾಯಿ ಹರಿಯುವ ಹಾಗೆ ಕೂಗುತ್ತಿದ್ದಾನೆ, ರಾಯರು ತಪ್ಪಿದ ದೋಸೆಗಳನ್ನು ಸಾಲಾಗಿ ಜೋಡಿಸಿಟ್ಟು ಸುಬ್ರಾಯಣ್ಣನಿಗೆ ತೋರಿಸುತ್ತಿದ್ದಾರೆ. ಯಾಕೆ ಹೀಗೆ ಅಂತ ಐತನನ್ನು ಕೇಳಿದೆ. "ಈರುಳ್ಳಿ ರವಾಕ್ಕೆ ಎಂತ ಮಾಡುದು ಅಂತ ಗೊತ್ತಾಗ್ಲಿಲ್ಲ. ಕೇಳ್ಲಿಕ್ಕೆ ನೀವಿಲ್ಲ" ಅಂದ.

ಅಂದರೆ ಅವರು ಮಾತಾಡುತ್ತಿದ್ದದ್ದು ನನ್ನ ಹತ್ತಿರ, ಒಬ್ಬರ ಹತ್ತಿರ ಒಬ್ಬರಲ್ಲ. ನಿಘಂಟು ಮಲಗಿದರೆ ಭಾಷೆಯೂ ಮಲಗುತ್ತದೆ. ಹಾಗಾದರೆ ಇದು ಭಾಷೆಯೇ ಅಲ್ಲ, ನಾನು ತಿರುಗಿಸಿದರೆ ಮಾತ್ರ ತಿರುಗುವ ನನ್ನ ಬುಗುರಿ. ನಾವಿಬ್ಬರೇ ಇದ್ದಾಗ ಇದು ಗುಟ್ಟಾಗಿತ್ತು, ಅಷ್ಟಕ್ಕೆ ಸಾಕಿತ್ತು. ಈಗ ನಾಲ್ವರಿಗೆ ಸಾಲುವುದಿಲ್ಲ. ಎಷ್ಟು ಜನ ಬೇಕು ಕಿಟ್ಟಣ್ಣ? ನಿನ್ನ ಹೋಟೆಲಿನಲ್ಲಿ ಅರವತ್ತು ಆಳು ಅಂತ ಕೇಳಿದ್ದೇನೆ. ಅಷ್ಟಿದ್ದರೆ ತನ್ನಿಂದ ತಾನೇ ಆಗುತ್ತದಾ?

ಗಂಭೀರವಾಗಿ ಕೇಳುತ್ತಿದ್ದೇನೆ. ದೀಪಾವಳಿಗೆ ಇನ್ನು ಎರಡೂವರೆ ತಿಂಗಳು.

ಬುಗುರಿಯ ಯಜಮಾನ,
ರಘುರಾಮ

*

ಮಾಟುಂಗ
೧೪ ಸೆಪ್ಟೆಂಬರ್ ೧೯೫೮

ರಘುರಾಮನಿಗೆ,

ನಿನ್ನ ಕಾಗದ ಓದಿ ಇಲ್ಲಿ ಮಾಡಿ ನೋಡಿದೆ. ಸುಮ್ಮನೆ, ಹೊತ್ತು ಹೋಗಲಿ ಅಂತ.

ಆಗುವುದಿಲ್ಲ. ಬೆಳಗಿನ ಪಾಳಿಯವನಿಗೆ ರವಾ ಕಲಿಸಿದೆ, ಅವನು ಮರುದಿನ ಮಧ್ಯಾಹ್ನದ ಪಾಳಿಗೆ ಹೋದ. ಇನ್ನೊಬ್ಬನಿಗೆ ಕಲಿಸಿದೆ, ಅವನು ದಾದರಿನ ಹೋಟೆಲಿಗೆ ಹೋದ. ಮೂರನೆಯವ ಯಾರು ಅಂತ ನನಗೆ ಈಗಲೂ ಹೆಸರು ಗೊತ್ತಿಲ್ಲ. ಅವನು ನಕ್ಕು, ಬೇರೆಯವರಿಗೆ ತೋರಿಸಿದ. ಅವರೂ ನಕ್ಕರು. ಈಗ ನಾನು ಕೈ ಎತ್ತಿದರೆ ಸಾಕು, ನಗುತ್ತಾರೆ. ಕೈ ಕಿಸೆಯಲ್ಲೇ ಇಟ್ಟುಕೊಂಡಿದ್ದೇನೆ.

ಅರವತ್ತು ಜನ ಅಂದರೆ ಗದ್ದಲ, ಅಷ್ಟೆ. ಆದರೆ ಒಂದು ಕಂಡೆ. ಮೂಲೆಯಲ್ಲಿ ಪೂರಿ ಲಟ್ಟಿಸುವವರು ಏಳು ಮಂದಿ ಇದ್ದಾರೆ, ವರ್ಷಗಟ್ಟಲೆಯಿಂದ ಅದೇ ಏಳು. ಅವರು ಮೇಸ್ತ್ರಿಯನ್ನು 'ಸೋಮವಾರ' ಅನ್ನುತ್ತಾರೆ. ಯಾಕೆ ಅಂತ ಕೇಳಿದೆ. ಅವರಿಗೇ ಗೊತ್ತಿಲ್ಲ. ಆದರೆ 'ಸೋಮವಾರ ಬಂತು' ಅಂದರೆ ಏಳೂ ಲಟ್ಟಣಿಗೆ ಒಟ್ಟಿಗೆ ಓಡುತ್ತವೆ. ಅರವತ್ತರ ಒಳಗೆ ಆ ಏಳು ಬೇರೆ ಊರು.

ನಾನು ಪಾತ್ರೆ ತೊಳೆಯುವ ಕಡೆ ಇದ್ದೇನೆ. ಅಲ್ಲಿ ಒಬ್ಬನೇ.

ಮುಂದೆ ಏನಾಯಿತು ಬರೆ.

ಕಿಟ್ಟಣ್ಣ

*

ಪೆರಂಬೂರು
೨೬ ಅಕ್ಟೋಬರ್ ೧೯೫೮

ಕಿಟ್ಟಣ್ಣಾ,

ಇವತ್ತು ಬಿರುದಾವಳಿ ಇಲ್ಲ.

ನಿನ್ನ ಪೂರಿಯವರ ಸುದ್ದಿ ಓದಿದ ಮೇಲೆ ನಾನು ಕಲಿಸುವುದನ್ನೇ ಬಿಟ್ಟೆ. ಯಾರಾದರೂ ಕೇಳಿದರೆ "ಐತನನ್ನು ಕೇಳು, ತಿರುಮಲನನ್ನು ಕೇಳು" ಅಂತ ಓಡಿಸಿದೆ. ಕಾಫಿಯವ ಸೇರಿದ, ಇಡ್ಲಿಯವ ಸೇರಿದ, ಸಪ್ಲಾಯರ್ ಇಬ್ಬರು ಸೇರಿದರು. ನವರಾತ್ರಿಯ ಹೊತ್ತಿಗೆ ಶಿರ್ವದ ಕಡೆಯಿಂದ ಹೊಸ ಸಪ್ಲಾಯರ್ ಒಬ್ಬ ಬಂದ. ಸುಬ್ರಾಯಣ್ಣನನ್ನೂ ಹಿಡಿದು ಒಂಬತ್ತು ಜೊತೆ ಕೈ.

ಈ ಶಿರ್ವದವ ಬಂದ ಮೂರನೇ ದಿನ ಊತಪ್ಪಕ್ಕೆ ಕೆನ್ನೆಯ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದ. ನಾನು ತಡೆದೆ. "ತಟ್ಟುವುದಲ್ಲ ಮಾರಾಯ, ಉಬ್ಬಿಸುವುದು."

"ಅಲ್ಲ. ತಟ್ಟುದೇ," ಅಂದ.

"ಯಾರು ಹೇಳಿದ್ದು?"

"ಇಡ್ಲಿಯವ್ರು."

ಇಡ್ಲಿಯವನನ್ನು ಕೇಳಿದರೆ ತಿರುಮಲ ಹೇಳಿದ್ದು ಅಂದ. ತಿರುಮಲನನ್ನು ಕೇಳಿದರೆ ಐತನ ಕಡೆ ಬೆರಳು. ಐತ ಹಿಟ್ಟಿನ ಕೈಯಲ್ಲೇ ನನ್ನ ಮುಖ ನೋಡಿ, "ಉಬ್ಬಿಸಿದ್ರೆ ಸುಬ್ರಾಯಣ್ಣನಿಗೆ ದೂರದಿಂದ ಕಾಣುದಿಲ್ಲ. ತಟ್ಟಿದ್ರೆ ಕಾಣ್ತದೆ. ಈಗ ಎಲ್ರೂ ಹಾಗೇ," ಅಂದ. ಅದನ್ನು ಕೇಳುವಾಗ ನಾನು ತೋರಿಸಲು ಉಬ್ಬಿಸಿದ ಕೆನ್ನೆ ಹಾಗೇ ಇತ್ತು. ಎಲ್ಲರೂ ನಕ್ಕರು. ತಪ್ಪು ನನ್ನದಾಗಿತ್ತು ಕಿಟ್ಟಣ್ಣ! ನಾನು ಹುಟ್ಟಿಸಿದ್ದರಲ್ಲಿ ನಾನೇ ತಪ್ಪಿದ್ದೆ.

ಇದು ಎಂಥ ಅನುಭವ ಅಂತ ಹೇಗೆ ಬರೆಯಲಿ? ಕಡ್ಡಿ ಚುಚ್ಚಿ ಬಂದ ಜಾಗದಲ್ಲಿ ಮರುದಿನ ಹೋಗಿ ನೋಡಿದರೆ ಎಲೆ ಬಿಟ್ಟಿದೆ, ಅದೂ ನಾನು ಚುಚ್ಚಿದ ಕಡ್ಡಿಯ ಜಾತಿಯದ್ದಲ್ಲ.

ಅದಕ್ಕಿಂತ ದೊಡ್ಡದು ಮೊನ್ನೆ ಆಯಿತು. ಆ ಮರದ ಕಂಟ್ರಾಕ್ಟರು ನಿನಗೆ ನೆನಪಿರಬಹುದು, ಎರಡು ಕುರ್ಚಿಯ ಗಾತ್ರದವರು. ತುಪ್ಪದ ರೋಸ್ಟು ಒಂದಾದ ಮೇಲೆ ಒಂದು ಮೂರು ತರಿಸಿ ತಿಂದು, ಬಾಯಿ ಒರೆಸಿ, ಒಂದು ಕಾಫಿ ಹೇಳಿದರು. ತಿರುಮಲ ಆ ಕಾಫಿಯ ಸುದ್ದಿಯನ್ನು ಕೈಯಲ್ಲೇ ಒಳಗೆ ದಾಟಿಸಿದ. ಸುಬ್ರಾಯಣ್ಣ ಕಾವಲಿಯ ಹಿಂದಿನಿಂದ ಅದನ್ನು ನೋಡಿದರು. ಹಜಾರದ ಕಡೆ ತಿರುಗಿದರು. ಮೀಸೆ ತಿರುವಿದರು, ಒಂದು, ಎರಡು, ಮೂರು. ಆಮೇಲೆ ಲೋಟ ಎತ್ತಿದ ಹಾಗೆ ಮಾಡಿ, ನಾಲಿಗೆಯ ತುದಿಗೆ ಬೆರಳು ಮುಟ್ಟಿಸಿ ಅದನ್ನು ಆಚೆ ಕೊಡವಿದರು. ಕೊನೆಗೆ ಕಣ್ಣು ಮುಚ್ಚಿ, ಮಠದ ಸ್ವಾಮಿಗಳ ಹಾಗೆ ಎದೆಯ ಮೇಲೆ ಕೈ ಇಟ್ಟುಕೊಂಡರು.

ಹೋಟೆಲಿಗೆ ಹೋಟೆಲೇ ನಕ್ಕಿತು. ಐತ ಕಲ್ಲು ಬಿಟ್ಟು ನೆಲಕ್ಕೆ ಕೂತ. ನಾನೊಬ್ಬನೇ ಮಿಕಮಿಕ ನೋಡುತ್ತಾ ನಿಂತೆ. ನಾಲಿಗೆ ಮುಟ್ಟಿ ಕೊಡವುವುದು ಎಂತ ಅಂತ ಶಿರ್ವದವನನ್ನು ಕೇಳಿದೆ.

"ಸಕ್ಕರೆ ಬೇಡ ಅಂತ. ಇಷ್ಟು ಗೊತ್ತಿಲ್ವಾ? ನೀವು ಇಲ್ಲಿಗೆ ಹೊಸಬ್ರಾ?" ಅಂದ.

ಕಿಟ್ಟಣ್ಣ, ನನಗೆ ಬೈದ ಆ ದಿನವೊಂದನ್ನು ಬಿಟ್ಟರೆ, ಒಂದು ವರ್ಷದಿಂದ ಸುಬ್ರಾಯಣ್ಣ 'ಹಾಂ', 'ಆಯ್ತು' ಮೀರಿ ಮಾತಾಡಿದ್ದೇ ಕಡಿಮೆ. ತಪ್ಪಾದೀತು ಅಂತ ಬಾಯಿಯನ್ನೇ ಮುಚ್ಚಿಕೊಂಡಿದ್ದರು. ಆ ಮನುಷ್ಯ ಹಾಸ್ಯ ಮಾಡಿದರು. ನಾನು ಕಲಿಸಿದ್ದು ಏಳು ದೋಸೆ. ಅದರಿಂದ ಅವರು ಕಂಟ್ರಾಕ್ಟರ ಚರಿತ್ರೆಯನ್ನೇ ಹೇಳಿದರು. ಏಳು ದೋಸೆಯ ಒಳಗೆ ಅಷ್ಟು ಜಾಗ ಎಲ್ಲಿತ್ತು?

ಸಂಖ್ಯೆಯ ವಿಷಯ ನನಗೆ ಹೊಳೆದದ್ದು ಇಷ್ಟು: ನನ್ನಿಂದ ಕಲಿತವನಿಂದ ಕಲಿತವನಿಂದ ಒಬ್ಬ ಕಲಿಯಬೇಕು, ಅಷ್ಟು ಜನ ಬೇಕು. ಆದರೆ ಎಲ್ಲರಿಗೂ ಎಲ್ಲರ ಮುಖ ಕಾಣುತ್ತಿರಬೇಕು, ಅದಕ್ಕಿಂತ ಹೆಚ್ಚು ಜನ ಬೇಡ. ನಮ್ಮಲ್ಲಿ ಅದು ಒಂಬತ್ತಕ್ಕೆ ಕೂಡಿಬಂತು. ಬೇರೆ ಕಡೆ ಎಷ್ಟೋ ನನಗೆ ಗೊತ್ತಿಲ್ಲ.

ಈಗ ಕೆಟ್ಟ ಸುದ್ದಿ. ರಾಯರು ಹೊಸ ದೋಸೆ ಭಟ್ಟನಿಗೆ ಬರೆದಾಗಿದೆ. ಮೈಸೂರಿನ ಕಡೆಯವನು, ನಂಜುಂಡ ಅಂತ ಹೆಸರು. ದೀಪಾವಳಿ ಕಳೆದು ಒಂದು ವಾರಕ್ಕೆ ಬರುತ್ತಾನೆ. ನಾನು ಹೋಗಿ ಕೇಳಿಕೊಂಡೆ, ಈಗ ತಪ್ಪೇ ಆಗುವುದಿಲ್ಲ, ನೀವೇ ನೋಡಿ ಅಂದೆ. "ಕೈಯಾಡಿಸುವುದು ಹೋಟೆಲಿಗೆ ಲಕ್ಷಣ ಅಲ್ಲ. ಗಿರಾಕಿಗಳೆಂದರೆ ಮೂಕರಾ? ಈ ಚೇಷ್ಟೆಗೇ ಅಲ್ಲವಾ ಕಿಟ್ಟನನ್ನು ಕಳಿಸಿದ್ದು?" ಅಂದರು.

ಆಗ ನನ್ನ ಬಾಯಿಂದ ಬಂತು. "ರಾಯರೇ, ಅವತ್ತು ನಿಮ್ಮ ಹೊಟ್ಟೆಯ ಸನ್ನೆ ಮಾಡಿದ್ದು ನಾನು. ನೀವು ತಿರುಗುವಾಗ ಕಿಟ್ಟಣ್ಣ ನಗುತ್ತಿದ್ದ, ಅಷ್ಟೆ. ಅವನು ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ."

ರಾಯರು ಗಲ್ಲಾಪೆಟ್ಟಿಗೆ ಮುಚ್ಚಿ, "ಹಾಗಾದರೆ ಸುಬ್ರಾಯನ ಜೊತೆ ನೀನೂ ಪೆಟ್ಟಿಗೆ ಕಟ್ಟು" ಅಂದರು.

ಇದನ್ನು ಎಂಟು ತಿಂಗಳ ಹಿಂದೆ ಹೇಳಬೇಕಿತ್ತು. ಹೇಳಲಿಲ್ಲ. ಇದರ ಬಗ್ಗೆ ಹಾಸ್ಯ ಮಾಡಲು ಮೂರು ಸಲ ನೋಡಿದೆ, ಕಾಗದ ಹರಿದೆ. ಇದು ನಾಲ್ಕನೆಯದು.

ರಘುರಾಮ

*

ಮಾಟುಂಗ
೪ ನವೆಂಬರ್ ೧೯೫೮

ರಘು,

ಕಾಗದ ಮುಟ್ಟಿತು. ಎರಡು ಸಲ ಓದಿದೆ.

ಸುಬ್ರಾಯಣ್ಣ ನಗಿಸುವಾಗ ಅವರೂ ನಕ್ಕರಾ? ಅದನ್ನು ನೀನು ಬರೆಯಲಿಲ್ಲ.

ಕಿಟ್ಟಣ್ಣ

*

ಪೆರಂಬೂರು
೨೩ ನವೆಂಬರ್ ೧೯೫೮

ಕಿಟ್ಟಣ್ಣಾ,

ನಕ್ಕರು. ಎಲ್ಲರೂ ನಕ್ಕು ಮುಗಿಸಿದ ಮೇಲೆ, ಕಾವಲಿಗೆ ನೀರು ಚಿಮುಕಿಸುತ್ತಾ, ಒಬ್ಬರೇ.

ಇನ್ನು ಮುಂದಿನದನ್ನು ನಿಧಾನಕ್ಕೆ ಓದು.

ನಂಜುಂಡ ಬಂದ. ಒಳ್ಳೆಯ ಮನುಷ್ಯ, ಕೈ ಚುರುಕು, ಎರಡೂ ಕಿವಿ ಸರಿ ಉಂಟು. ಬೆಳಿಗ್ಗೆ ಸುಬ್ರಾಯಣ್ಣ ತಾವೇ ಕಾವಲಿ ಉಜ್ಜಿ ಅವನಿಗೆ ಬಿಟ್ಟುಕೊಟ್ಟರು. ಊರಿಗೆ ಹೋಗುವ ಅಂಗಿ ಹಾಕಿಕೊಂಡೇ ಅಕ್ಕಿ ಮೂಟೆಯ ಮೇಲೆ ಕೂತರು, ಕೈಯೆರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು. ಆ ಕೈಗಳು ಹಾಗೆ ಸುಮ್ಮನಿರುವುದನ್ನು ನಾನು ನೋಡಿರಲಿಲ್ಲ. ನನ್ನ ಪೆಟ್ಟಿಗೆಯೂ ಅಲ್ಲೇ ಇತ್ತು.

ಸಂಗು ಊದಿತು. ಜನ ನುಗ್ಗಿದರು. ಐದಾರು ಮೇಜಿನ ಆರ್ಡರು ಒಟ್ಟಿಗೆ ಬಂತು. ಶಿರ್ವದವ ಕಿಟಕಿಗೆ ಓಡಿದ, ಕೆನ್ನೆ ತಟ್ಟಿದ, ಉದುರಿಸಿದ, ಓಡಿಹೋದ. ಹಿಂದಿನಿಂದ ಇನ್ನೊಬ್ಬ ಬಂದ, ಮುಷ್ಟಿ ಮುಚ್ಚಿದ, ಹೋದ. ಬೇಕೆಂದು ಮಾಡಿದ್ದಲ್ಲ ಮಾರಾಯ, ದೇವರಾಣೆಗೂ ಅಲ್ಲ. ಹಿಂದಿನ ದಿನವೇ "ನಾಳೆ ಬಾಯಲ್ಲಿ ಹೇಳಬೇಕು" ಅಂತ ಎಲ್ಲರೂ ಮಾತಾಡಿಕೊಂಡಿದ್ದೆವು. ಆದರೆ ಕಿಟಕಿಯ ಹತ್ತಿರ ಬಂದ ಕೂಡಲೇ ಬಾಯಿಗಿಂತ ಮೊದಲು ಕೈ ಎದ್ದಿರುತ್ತಿತ್ತು. ನಾನೇ ನಿಂತು 'ರವಾ' ಅಂತ ಕೂಗಲು ನೋಡಿದೆ. ಶಬ್ದ ಹುಡುಕಬೇಕಾಯಿತು.

ನಂಜುಂಡ ಹಿಟ್ಟಿನ ಸೌಟು ಹಿಡಿದು ಅತ್ತ ಇತ್ತ ನೋಡಿದ. "ಯಾಕ್ರಪ್ಪಾ, ಬಾಯ್ಗೇನಾಗಿದೆ ನಿಮ್ಗೆಲ್ಲ? ಏನ್ ಬೇಕು ಅಂತ ಹೇಳ್ರೋ! ಕೆನ್ನೆ ನೋವಾ?" ಅಂದ. ಅವನ ಮುಂದೆ ಆರ್ಡರು ರಾಶಿ ಬಿತ್ತು. ಅವನಿಗೆ ಬೇರೆಲ್ಲ ಕೇಳಿಸುತ್ತಿತ್ತು, ಒಲೆ ಕೇಳಿಸುತ್ತಿತ್ತು, ಹೊರಗೆ ರೈಲು ಕೇಳಿಸುತ್ತಿತ್ತು. ಆ ಕೋಣೆಯಲ್ಲಿ ಕಿವುಡನಾಗಿದ್ದವನು ಅವನೊಬ್ಬನೇ.

ಅದೇ ಹೊತ್ತಿಗೆ ಫ್ಯಾಕ್ಟರಿಯ ದೊಡ್ಡ ಆಫೀಸರು ಒಬ್ಬರು ಒಳಗೆ ಬಂದರು. ರಾಯರು ಗಲ್ಲಾಪೆಟ್ಟಿಗೆಯಿಂದ ಅರ್ಧ ಎದ್ದು, "ವಾಂಗ ಸಾರ್, ವಾಂಗ" ಅನ್ನುತ್ತಾ ಅವರನ್ನು ಕೂರಿಸಿ, ಚಿಲ್ಲರೆ ಎಣಿಸುತ್ತಿದ್ದ ಎಡಗೈ ನಿಲ್ಲಿಸದೆ, ಬಲಗೈ ಎತ್ತಿ, ಇಲ್ಲದ ಮೀಸೆ ತಿರುವಿ ಎರಡು ಬೆರಳು ತೋರಿಸಿದರು.

ರಾಯರು, ಕಿಟ್ಟಣ್ಣ! ನಮ್ಮ ರಾಯರು! ಯಾರು ಕಲಿಸಿದ್ದು? ಯಾರೂ ಅಲ್ಲ. ನಾಲ್ಕು ತಿಂಗಳು ಆ ಕುರ್ಚಿಯಲ್ಲಿ ಕೂತು ಬೈಯುತ್ತಾ ಬೈಯುತ್ತಾ ಬಂದುಬಿಟ್ಟಿತ್ತು.

ನಂಜುಂಡ ನೋಡಲೇ ಇಲ್ಲ. ಅಕ್ಕಿ ಮೂಟೆಯ ಮೇಲಿಂದ ಸುಬ್ರಾಯಣ್ಣ ನೋಡಿದರು. ಎದ್ದರು. ಅಂಗಿಯ ತೋಳು ಮಡಚಿದರು. ನಂಜುಂಡನ ಹೆಗಲು ಮುಟ್ಟಿ ಪಕ್ಕಕ್ಕೆ ಸರಿಸಿ ಕಾವಲಿಗೆ ಎರಡು ವೃತ್ತ ಎರೆದರು, ತುಪ್ಪ ಬಿಟ್ಟರು. ಕಿಟಕಿಯಲ್ಲಿ ಕಾಯುತ್ತಿದ್ದ ಕೈಗಳನ್ನು ಒಂದು ಸಲ ನೋಡಿ, ಉಳಿದದ್ದನ್ನೂ ಸಾಲಾಗಿ ಎರೆಯತೊಡಗಿದರು. ಒಂದೂ ತಪ್ಪಲಿಲ್ಲ.

ರಾಯರ ಕೈ ಗಾಳಿಯಲ್ಲೇ ನಿಂತಿತ್ತು. ಅದನ್ನು ಬೇರೆ ಯಾರದೋ ಕೈ ಎಂಬಂತೆ ಅವರು ನೋಡಿದರು. ನಾವೆಲ್ಲ ಅವರನ್ನು ನೋಡುತ್ತಿದ್ದೆವು. ಮುಖ ಕೆಂಪಾಯಿತು. "ಎಂತ ನೋಡುದು ಎಲ್ರೂ? ದೋಸೆ ಆರ್ತದೆ, ತಗೊಂಡ್ ಹೋಗಿ!" ಅಂತ ಕೂಗಿದರು. ಕೂಗಿದರು ಅಂದರೆ ಹೆದರಬೇಕಾಗಿಲ್ಲ.

ಅಷ್ಟೇ ತೀರ್ಪು. ಮತ್ತೆ ಯಾರೂ ಆ ಮಾತು ಎತ್ತಲಿಲ್ಲ. ಪಕ್ಕದ ಕೋಣೆ ತೆಗೆದುಕೊಂಡು ಊಟದ ವಿಭಾಗ ಶುರು ಮಾಡುತ್ತಾರಂತೆ, ನಂಜುಂಡನಿಗೆ ಅಲ್ಲಿ ಕೆಲಸ. ಅವನು ಸಂಜೆಯೇ ಐತನ ಹತ್ತಿರ ಕೂತು ಕೆನ್ನೆ ತಟ್ಟುವುದನ್ನು ಕಲಿಯುತ್ತಿದ್ದ. ನನ್ನ ಪೆಟ್ಟಿಗೆಯನ್ನು ರಾಯರು ಕಾಲಿನಿಂದ ಮೂಲೆಗೆ ದೂಡಿ, "ಆ ಕಿಟ್ಟನಿಗೆ ಬರಲಿಕ್ಕೆ ಬರೆ" ಅಂದರು. ಬರೆದಿದ್ದೇನೆ. ಬರುವುದು ಬಿಡುವುದು ನಿನ್ನ ಇಷ್ಟ, ನನಗೆ ಒತ್ತಾಯ ಮಾಡುವ ಮುಖ ಇಲ್ಲ. ಬಂದರೆ ಒಂದು ನೆನಪಿರಲಿ: ಅರ್ಧ ಮಾಡಿದವನು ನೀನಾದರೂ ಇಲ್ಲಿ ನೀನು ಹೊಸಬ. ಶಿರ್ವದವನ ಕಾಲಬುಡದಲ್ಲಿ ಕೂತು ಕಲಿಯಬೇಕಾದೀತು. ನಾನೂ ಕೂರುತ್ತಿದ್ದೇನೆ.

ಮತ್ತೊಂದು. ಅವತ್ತು ಗದ್ದಲ ಇಳಿದ ಮೇಲೆ ಸುಬ್ರಾಯಣ್ಣ ಕಾವಲಿಯ ಹಿಂದಿನಿಂದ ಎಡಗೈಯನ್ನು ಮುಷ್ಟಿ ಮಾಡಿ, ಅದರ ಮೇಲೆ ಬಲಗೈಯನ್ನು ಬೋರಲಿಟ್ಟು ಟಪಟಪ ಕುಣಿಸಿದರು. ಕೂಡಲೇ ಐತ ನನ್ನ ಕಡೆ ನೋಡಿದ. ತಿರುಮಲ ನನ್ನ ಕಡೆ ನೋಡಿದ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಹಿಂದೆ ತಿರುಗಿ ನೋಡಿದೆ, ಅಲ್ಲಿ ಗೋಡೆ ಇತ್ತು.

"ಅವ್ರು ಯಾರನ್ನು ಕರೀತಿದ್ದಾರೆ?" ಅಂತ ಕೇಳಿದೆ.

"ನಿಮ್ಮನ್ನೇ," ಅಂದ ಐತ.

"ಅದು ಎಂತದು?"

"ಕುದಿಯುವ ಪಾತ್ರೆಯ ಮುಚ್ಚಳ. ನಿಮ್ಮ ಹೆಸ್ರು ಅದು. ನವರಾತ್ರಿಯಿಂದ ಉಂಟು." ಅಂತ ಹೇಳಿ, ಇಷ್ಟು ದಿನ ಹೇಳದ್ದಕ್ಕೆ ಸ್ವಲ್ಪ ನಾಚಿಕೊಂಡ.

ನಾನು ಸ್ನಾನಕ್ಕೆ ಹೋದಾಗ, ರಾಯರ ಮುಂದೆ ನಿಂತು ಬೈಸಿಕೊಳ್ಳುವಾಗ, ಕ್ರೋಂಪೇಟೆಯ ರೈಲು ತಡವಾಗಿ ತಿರುಮಲನ ಬಿಲ್ಲು ನಾನು ಬರೆಯುವಾಗ, ಆ ಕೈಗಳಲ್ಲಿ ನಾನು ಈ ಮೂಲೆಯಿಂದ ಆ ಮೂಲೆಗೆ ಹೋಗಿ ಬರುತ್ತಿದ್ದೆ. ನನಗೇ ಗೊತ್ತಿರಲಿಲ್ಲ.

ಸುಬ್ರಾಯಣ್ಣ ಇನ್ನೂ ಟಪಟಪ ಮಾಡುತ್ತಿದ್ದರು. ಹೋದೆ. ಒಂದು ದೋಸೆ ಕೊಟ್ಟರು.

ಇಂತು,
ಮುಚ್ಚಳ